ವರ್ತನೆಯ ಸುದ್ದಿ

ಮೈಸೂರು, ಬೆಂಗಳೂರುಗಳ ಹಳೆಯ ಬಡಾವಣೆಗಳಲ್ಲಿ 'ವರ್ತನೆ' ಎಂಬ ಮಾತಿಗೆ ನಡತೆ ಎಂಬ ಅರ್ಥವಲ್ಲದೆ ಇನ್ನೊಂದು ಅರ್ಥವೂ ಉಂಟು. ಬೆಳಿಗ್ಗೆ ಇಷ್ಟು ಹಾಲು, ಸಂಜೆಗೆ ಇಷ್ಟು ಮೊಳ ಮಲ್ಲಿಗೆ ಎಂದು ಮನೆಯಾಕೆ ಒಮ್ಮೆ ಗೊತ್ತುಮಾಡಿಬಿಟ್ಟರೆ ಸಾಕು. ಮಳೆಯಿರಲಿ, ಬಿಸಿಲಿರಲಿ, ಆ ಹಾಲು ಆ ಹೊತ್ತಿಗೆ ಬಾಗಿಲಿಗೆ ಬರುತ್ತದೆ, ಆ ಹೂವು ಕಿಟಕಿಯ ಸರಳಿಗೆ ಸಿಕ್ಕಿಸಿದ ಚೀಲದೊಳಗೆ ಬಂದು ಕೂರುತ್ತದೆ. ತಿಂಗಳ ಕೊನೆಗೆ ಗೋಡೆಯ ಕ್ಯಾಲೆಂಡರಿನ ಗೀಟುಗಳನ್ನು ಎಣಿಸಿ ಲೆಕ್ಕ ತೀರಿಸುವುದು. ಮನೆಯವರೆಲ್ಲ ಪರಸ್ಥಳಕ್ಕೆ ಹೊರಟರೆ, 'ಹತ್ತು ದಿನ ಬೇಡಮ್ಮ' ಎಂದು ಒಂದು ಮಾತು ಹೇಳಿದರಾಯಿತು. ವರ್ತನೆಯ ಸೊಗಸೆಲ್ಲ ಇಷ್ಟೇ: ಬೇಕಾದದ್ದು ಬೇಕಾದಷ್ಟೇ ಬರುತ್ತದೆ, ಬೇಡವೆಂದ ದಿನ ನಿಲ್ಲುತ್ತದೆ, ಎರಡನ್ನೂ ಗೊತ್ತುಮಾಡುವವರು ಮನೆಯವರು, ಅಂಗಡಿಯವರಲ್ಲ.

ಹಾಲಿಗೂ ಹೂವಿಗೂ ಇರುವ ಈ ವ್ಯವಸ್ಥೆ ಸುದ್ದಿಗೆ ಬಹುಕಾಲ ಇರಲಿಲ್ಲ. ಹಳ್ಳಿಯಲ್ಲಿ ಡಂಗುರ ಹೊಡೆದರೆ ಊರಿಗೆ ಊರೇ ಕೇಳಬೇಕು. ಬಾಕಿಯಿದ್ದವನ ಕಿವಿಗೆ ಬೀಳಬೇಕಾದ ಕಂದಾಯದ ಮಾತು ಬಾಕಿಯಿಲ್ಲದವನ ನಿದ್ದೆಯನ್ನೂ ಕೆಡಿಸುತ್ತಿತ್ತು. ಪತ್ರಿಕೆಗಳು ಬಂದಮೇಲೆ ಓದುಗನಿಗೆ ಕೊಂಚ ಸ್ವಾತಂತ್ರ್ಯ ದೊರೆಯಿತು. ಒಂದೇ ಪತ್ರಿಕೆಯನ್ನು ನಾಲ್ಕು ಹಾಳೆಯಾಗಿ ಹರಡಿಕೊಂಡು ಒಬ್ಬರು ಸಂಪಾದಕೀಯ, ಒಬ್ಬರು ಕ್ರಿಕೆಟ್ಟು, ಒಬ್ಬರು ಪದಬಂಧ, ಒಬ್ಬರು ನಿಧನವಾರ್ತೆ ಎಂದು ಪಾಲುಮಾಡಿಕೊಳ್ಳುವ ದೃಶ್ಯವನ್ನು ಕಾಣದ ಮನೆ ಯಾವುದು? ಆದರೂ ಪಾಲು ಮಾಡಿಕೊಳ್ಳುವುದು ಬೇರೆ, ಬೇಕಾದದ್ದನ್ನು ತರಿಸಿಕೊಳ್ಳುವುದು ಬೇರೆ.

ತರಿಸಿಕೊಳ್ಳುವ ಆಸೆ ಜನಕ್ಕೆ ಇರಲಿಲ್ಲವೆಂದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಯೂರೋಪಿನ ದೊಡ್ಡ ಪಟ್ಟಣಗಳಲ್ಲಿ ಒಂದು ವಿಚಿತ್ರವಾದ ವ್ಯಾಪಾರ ತಲೆಯೆತ್ತಿತು. ಲಂಡನ್ನಿನಲ್ಲಿ ಹೆನ್ರಿ ರೊಮೈಕೆ ಎಂಬಾತನು ಸ್ಥಾಪಿಸಿದ ಕಚೇರಿಯಲ್ಲಿ ಕೆಲಸಗಾರರು ರಾಶಿ ರಾಶಿ ಪತ್ರಿಕೆಗಳನ್ನು ಓದುತ್ತಿದ್ದರು. ಹಣ ಕೊಟ್ಟವರ ಹೆಸರು ಎಲ್ಲಿಯಾದರೂ ಕಂಡರೆ ಆ ಭಾಗವನ್ನು ಕತ್ತರಿಸಿ, ಚೀಟಿಗೆ ಅಂಟಿಸಿ, ಅಂಚೆಯಲ್ಲಿ ಕಳುಹಿಸುತ್ತಿದ್ದರು. ನಟರು, ಚಿತ್ರಕಾರರು, ಗ್ರಂಥಕರ್ತರು ಇದಕ್ಕೆ ಗಿರಾಕಿಗಳು. ತಮ್ಮ ಬಗ್ಗೆ ಲೋಕ ಏನೆನ್ನುತ್ತದೆಂದು ತಿಳಿಯುವ ಚಪಲ ಅವರಿಗೆ ಸಹಜವಷ್ಟೆ. ಸುದ್ದಿಯ ವರ್ತನೆ ಎಂಬುದು ಅಲ್ಲಿ ಮೊದಲಾಯಿತೆನ್ನಬಹುದು. ಆದರೆ ಅದು ಕಾಸುಳ್ಳವರ ವರ್ತನೆ. ಬಡ ಉಪಾಧ್ಯಾಯನಿಗೆ, ಗುಮಾಸ್ತನಿಗೆ, ಮನೆಯಲ್ಲಿ ಕುಳಿತು ಓದುವ ಹೆಣ್ಣುಮಕ್ಕಳಿಗೆ ಅದು ದೂರದ ಮಾತು.

ಈಗಲೋ ಪ್ರತಿಯೊಬ್ಬರ ಕೈಯಲ್ಲೂ ಫೋನ್ ಉಂಟು. ಫೋನಿನಲ್ಲಿ ಜಗತ್ತಿನ ಸುದ್ದಿಯೆಲ್ಲವೂ ಉಂಟು. ಹಾಗಿದ್ದ ಮೇಲೆ ಕೊರತೆ ಏನು? ಕೊರತೆ ಇಷ್ಟೇ. ಆ ಸುದ್ದಿಯನ್ನು ಆರಿಸಿ ಮುಂದಿಡುವವನು ಓದುಗನಲ್ಲ. ಬೆಳಗಿನ ಜಾವದಲ್ಲಿ ಬರುತ್ತಿದ್ದ ಬುಡುಬುಡಿಕೆಯವನನ್ನು ಹಿರಿಯರು ಬಲ್ಲರು. ಮನೆಯವರ ಮುಖ ನೋಡಿ, ಬಾಯಿಂದ ಜಾರಿದ ಮಾತಿನ ಎಳೆ ಹಿಡಿದು, ಅವರಿಗೆ ಆಸೆ ಹುಟ್ಟುವಂಥದನ್ನು ಒಂದಿಷ್ಟು, ಭಯ ಹುಟ್ಟುವಂಥದನ್ನು ಒಂದಿಷ್ಟು ಹೇಳುವುದು ಅವನ ವಿದ್ಯೆ. ಫೋನಿನೊಳಗಿನ ಸುದ್ದಿಯ ಯಂತ್ರವೂ ಅದೇ ವಿದ್ಯೆಯನ್ನು ಕಲಿತಿದೆ. ಹೆಬ್ಬೆರಳು ಯಾವ ಚಿತ್ರದ ಮೇಲೆ ಎಷ್ಟು ಹೊತ್ತು ನಿಂತಿತು, ಯಾವ ತಲೆಬರಹವನ್ನು ಒತ್ತಿತು, ಯಾವುದನ್ನು ಸರಿಸಿತು ಎಂಬುದನ್ನೆಲ್ಲ ಎಣಿಸಿಟ್ಟುಕೊಂಡು ಅದಕ್ಕೆ ತಕ್ಕ ಸುದ್ದಿಯನ್ನು ಸುರಿಯುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಹೇಳಲೇಬೇಕು: ಬುಡುಬುಡಿಕೆಯವನು ಒಂದು ಮೊರ ಅಕ್ಕಿಗೆ ತೃಪ್ತನಾಗಿ ಮುಂದಿನ ಮನೆಗೆ ಹೋಗುತ್ತಿದ್ದ, ಇದು ಹೋಗುವುದೇ ಇಲ್ಲ.

ಈ ಗದ್ದಲದ ನಡುವೆ, ಅಂತರಜಾಲದ ಒಂದು ಮೂಲೆಯಲ್ಲಿ, ಹಳೆಯ ವರ್ತನೆಯ ಪದ್ಧತಿ ಇಂದಿಗೂ ಸದ್ದಿಲ್ಲದೆ ನಡೆದುಬರುತ್ತಿದೆ ಎಂಬುದು ಅನೇಕರಿಗೆ ತಿಳಿಯದು. ಅದರ ಹೆಸರು ಫೀಡ್. ಪಂಡಿತರು ಅದನ್ನು ಆರ್.ಎಸ್.ಎಸ್. ಎಂದು ಕರೆಯುತ್ತಾರೆ. ಭಾರತದಲ್ಲಿ ಈ ಮೂರು ಅಕ್ಷರಗಳನ್ನು ಕೇಳಿದೊಡನೆ ಬೇರೊಂದು ಸಂಸ್ಥೆಯ ನೆನಪಾಗುವುದು ಸಹಜ. ಇದಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಈ ಅಕ್ಷರಗಳಿಗೆ 'ಆರ್.ಡಿ.ಎಫ್. ಸೈಟ್ ಸಮ್ಮರಿ' ಎಂದು ಮೊದಲು, 'ರಿಚ್ ಸೈಟ್ ಸಮ್ಮರಿ' ಎಂದು ಆಮೇಲೆ, 'ರಿಯಲಿ ಸಿಂಪಲ್ ಸಿಂಡಿಕೇಶನ್' ಎಂದು ಕೊನೆಗೆ, ಹೀಗೆ ಮೂರು ಬಾರಿ ಅರ್ಥ ಹೇಳಲಾಯಿತು. ಒಂದೇ ಕೂಸಿಗೆ ಮೂರು ನಾಮಕರಣ! ಅಷ್ಟು ಸಲ ತೊಟ್ಟಿಲು ಕಟ್ಟಿದ್ದಕ್ಕೆ ಕಾರಣ ಮುಂದೆ ತಿಳಿಯುತ್ತದೆ.

1999ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಇದು ಹುಟ್ಟಿತು. ಹುಟ್ಟಿಸಿದವರು ಇಬ್ಬರು: ಡ್ಯಾನ್ ಲಿಬಿ ಮತ್ತು ಮದರಾಸಿನ ಐ.ಐ.ಟಿ.ಯಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ರಾಮನಾಥನ್ ಗುಹಾ. ಆ ಸಂಸ್ಥೆಯ ತಾಣದಲ್ಲಿ ಪ್ರತಿಯೊಬ್ಬ ಓದುಗನೂ ತನ್ನದೇ ಒಂದು ಪುಟವನ್ನು ಕಟ್ಟಿಕೊಳ್ಳಬೇಕು. ಆ ಪುಟದಲ್ಲಿ ಬೇರೆ ಬೇರೆ ತಾಣಗಳ ಹೊಸ ತಲೆಬರಹಗಳು ತಾವಾಗಿಯೇ ಬಂದು ನಿಲ್ಲಬೇಕು ಎಂಬುದು ಉದ್ದೇಶ. ಇದಕ್ಕಾಗಿ ಪ್ರತಿಯೊಂದು ತಾಣವೂ ತನ್ನ ಹೊಸ ಬರಹಗಳ ಒಂದು ಚಿಕ್ಕ ಪಟ್ಟಿಯನ್ನು ಗೊತ್ತಾದ ಕ್ರಮದಲ್ಲಿ ಬರೆದು ಇಟ್ಟಿರಬೇಕೆಂದು ಗೊತ್ತುಮಾಡಿದರು. ಆ ಪಟ್ಟಿಯೇ ಫೀಡ್.

ಅದನ್ನು ಕಟ್ಟುವ ಬಗೆಯಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ಮದುವೆಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕವನ್ನು ನೆನಪಿಗೆ ತಂದುಕೊಳ್ಳಬಹುದು. ಮೊದಲ ಪುಟದಲ್ಲಿ ಯಾರ ಮನೆ, ಯಾವ ಸಮಾರಂಭ ಎಂಬುದು. ಆಮೇಲೆ ಸಾಲಿಗೊಬ್ಬರಂತೆ ಹೆಸರು, ಊರು, ಮೊತ್ತ. ಫೀಡೂ ಹಾಗೆಯೇ. ಮೇಲ್ಗಡೆ ತಾಣದ ಹೆಸರು, ಅದರ ವಿಳಾಸ, ಅದು ಯಾವುದನ್ನು ಕುರಿತದ್ದು ಎಂಬ ಒಂದು ವಾಕ್ಯ. ಈ ಮೂರೂ ಇರಲೇಬೇಕು. ಕೆಳಗೆ ಒಂದೊಂದು ಸುದ್ದಿಗೂ ಒಂದೊಂದು ಕಟ್ಟು: ತಲೆಬರಹ, ಪೂರ್ಣ ಬರಹವಿರುವ ಜಾಗದ ಕೊಂಡಿ, ನಾಲ್ಕು ಸಾಲಿನ ಸಾರಾಂಶ, ಪ್ರಕಟವಾದ ದಿನ ಮತ್ತು ವೇಳೆ, ಕೊನೆಗೆ ಬೇರೆ ಯಾವ ಸುದ್ದಿಗೂ ಇರದ ಒಂದು ಗುರುತು. ಇವಿಷ್ಟನ್ನು ಎಕ್ಸ್.ಎಂ.ಎಲ್. ಎಂಬ ಆವರಣಗಳ ಬರವಣಿಗೆಯಲ್ಲಿ ಬರೆಯುತ್ತಾರೆ. ಈ ಬರವಣಿಗೆ ಮಡಿವಂತಿಕೆಗೆ ಹೆಸರಾದದ್ದು. ತೆರೆದ ಒಂದು ಆವರಣವನ್ನು ಮುಚ್ಚಲು ಮರೆತರೆ ಇಡೀ ಅಡುಗೆಯೇ ಮೈಲಿಗೆ. ಆದರೆ ಮನುಷ್ಯನು ಕೈಯಿಂದ ಬರೆಯಬೇಕಾದ ಪ್ರಸಂಗ ಈಗ ಅಪರೂಪ. ತಾಣವನ್ನು ನಡೆಸುವ ತಂತ್ರಾಂಶಗಳೇ ಅದನ್ನು ಬರೆದುಕೊಳ್ಳುತ್ತವೆ. ಕನ್ನಡದ ಅಕ್ಷರಗಳೂ ಯೂನಿಕೋಡಿನ ಕೃಪೆಯಿಂದ ಆ ಪಟ್ಟಿಯಲ್ಲಿ ಇಂಗ್ಲಿಷಿನ ಪಕ್ಕದಲ್ಲೇ ಸಂಕೋಚವಿಲ್ಲದೆ ಕೂರುತ್ತವೆ.

ಪಟ್ಟಿ ತಾಣದಲ್ಲಿದ್ದರೆ ಸುದ್ದಿ ಮನೆಗೆ ಬಂದಂತಾಯಿತೇ? ಇಲ್ಲ. ಇಲ್ಲಿಯೇ ಹೂವಿನ ವರ್ತನೆಗೂ ಇದಕ್ಕೂ ಇರುವ ಭೇದ. ಹೂವಾಡಗಿತ್ತಿಗೆ ಮನೆಯ ವಿಳಾಸ ಗೊತ್ತಿರಬೇಕು, ಮನೆಯಲ್ಲಿ ಎಷ್ಟು ಜನ ಹೆಂಗಸರೆಂಬುದೂ ಗೊತ್ತಿರುತ್ತದೆ. ಫೀಡಿನಲ್ಲಿ ಅಂಗಡಿಯವನು ಮನೆಗೆ ಬರುವುದಿಲ್ಲ. ಮನೆಯ ಹುಡುಗನೊಬ್ಬನು ಅಂಗಡಿಯ ಮುಂದಿನ ಹಲಗೆಯನ್ನು ನೋಡಿಕೊಂಡು ಬರುತ್ತಾನೆ. ರೀಡರ್ ಎಂಬ ತಂತ್ರಾಂಶವೇ ಆ ಹುಡುಗ. ಓದುಗನು ತನಗೆ ಬೇಕಾದ ಫೀಡುಗಳ ವಿಳಾಸಗಳನ್ನು ಅವನಿಗೆ ಒಮ್ಮೆ ಕೊಟ್ಟರೆ ಸಾಕು. ಆತನು ಗಂಟೆಗೊಮ್ಮೆಯೋ, ಹೇಳಿದ ಹೊತ್ತಿಗೊಮ್ಮೆಯೋ ಬೀದಿಯನ್ನೆಲ್ಲ ಸುತ್ತಿ, 'ಹೋದ ಸಲ ನೋಡಿದ ಮೇಲೆ ಹೊಸದೇನಾದರೂ ಉಂಟೇ?' ಎಂದು ಕೇಳುತ್ತಾನೆ. ಹೊಸದಿಲ್ಲದಿದ್ದರೆ ತಾಣವು ಪಟ್ಟಿಯನ್ನು ಮತ್ತೆ ಕೊಡದೆ '304' ಎಂಬ ಒಂದು ಸಂಕೇತವನ್ನಷ್ಟೇ ಹೇಳಿ ಕಳುಹಿಸುತ್ತದೆ; 'ಏನೂ ಬದಲಾಗಿಲ್ಲ, ಹೋಗಿ ಬಾ' ಎಂದು ಅದರ ಅರ್ಥ. ಹುಡುಗನು ಪದೇ ಪದೇ ಬಂದು ಕಾಡಬಾರದೆಂದು 'ಇಷ್ಟು ನಿಮಿಷ ಕಳೆದು ಬಾ' ಎಂದು ಪಟ್ಟಿಯಲ್ಲೇ ಬರೆದಿಡುವ ಅನುಕೂಲವೂ ಉಂಟು. ಹೊಸದಿದ್ದರೆ ಪ್ರತಿಯೊಂದು ಸುದ್ದಿಯ ಗುರುತನ್ನೂ ನೋಡಿ, ಈ ಮೊದಲೇ ತಂದದ್ದನ್ನು ಬಿಟ್ಟು, ತರದಿದ್ದುದನ್ನು ಮಾತ್ರ ತಂದು ಮೇಜಿನ ಮೇಲಿಡುತ್ತಾನೆ. ಮನೆಯವರ ಹೆಸರನ್ನಾಗಲಿ ಇಷ್ಟಾನಿಷ್ಟಗಳನ್ನಾಗಲಿ ಅಂಗಡಿಗೆ ಹೇಳಬೇಕಾದ ಅಗತ್ಯವೇ ಇಲ್ಲ.

ಇಷ್ಟು ಸರಳವಾದ ವಸ್ತುವಿಗೂ ದಾಯಾದಿ ಕಲಹ ತಪ್ಪಲಿಲ್ಲ. ಹೆತ್ತ ನೆಟ್‌ಸ್ಕೇಪ್ ಸಂಸ್ಥೆಯೇ 2001ರಲ್ಲಿ ಕೂಸನ್ನು ಕೈಬಿಟ್ಟಿತು. ಅಷ್ಟರಲ್ಲಿ ಸಾಕಲು ಎರಡು ಗುಂಪುಗಳು ಮುಂದೆ ಬಂದಿದ್ದವು. ಒಂದು ಗುಂಪು 2000ದ ಡಿಸೆಂಬರಿನಲ್ಲಿ ಒಂದನೆಯ ಆವೃತ್ತಿಯೆಂದು ಒಂದು ಕ್ರಮವನ್ನು ಹೊರಡಿಸಿತು. ಅದನ್ನು ರೂಪಿಸಿದವರಲ್ಲಿ ಏರನ್ ಸ್ವಾರ್ಟ್ಜ್ ಎಂಬ ಹದಿನಾಲ್ಕು ವರ್ಷದ ಬಾಲಕನೂ ಇದ್ದನು. ಇನ್ನೊಂದು ಕಡೆ ಡೇವ್ ವೈನರ್ ಎಂಬಾತನು ಇನ್ನೂ ಸರಳವಾದ ಕ್ರಮವನ್ನು ಬೆಳೆಸಿ, 2002ರಲ್ಲಿ ಎರಡನೆಯ ಆವೃತ್ತಿಯೆಂದು ಪ್ರಕಟಿಸಿದನು. ಈ ಎರಡು ಮನೆಗಳ ಜಗಳದಿಂದ ಬೇಸತ್ತವರು ಮೂರನೆಯ ಮನೆ ಕಟ್ಟಿ ಅದಕ್ಕೆ 'ಆಟಮ್' ಎಂದು ಹೆಸರಿಟ್ಟರು; 2005ರ ಡಿಸೆಂಬರಿನಲ್ಲಿ ಅದಕ್ಕೆ ಅಂತರಜಾಲದ ಮಾನಕವೆಂಬ ಮುದ್ರೆಯೂ ಬಿತ್ತು. ಓದುಗನು ಇದಕ್ಕೆಲ್ಲ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ರೀಡರ್ ಹುಡುಗನು ಮೂರು ಮನೆಯ ಭಾಷೆಯನ್ನೂ ಬಲ್ಲನು. ಹಾಡು, ಮಾತುಗಳ ಧ್ವನಿಯನ್ನು ಸುದ್ದಿಯ ಜೊತೆಗೆ ಲಗತ್ತಿಸುವ ಅನುಕೂಲವನ್ನೂ ವೈನರ್ ಅದರಲ್ಲಿ ಸೇರಿಸಿದ್ದನು. 2004ರಲ್ಲಿ 'ಪಾಡ್‌ಕ್ಯಾಸ್ಟ್' ಎಂಬ ಹೆಸರು ಪಡೆದ ಧ್ವನಿಪತ್ರಿಕೆಗಳು ಇಂದಿಗೂ ಬಹುಮಟ್ಟಿಗೆ ಸಾಗುವುದು ಈ ಫೀಡಿನ ಬಂಡಿಯಲ್ಲೇ. ಹೆಸರೇ ಗೊತ್ತಿಲ್ಲದೆ ದಿನವೂ ಇದನ್ನು ಬಳಸುತ್ತಿರುವವರ ಸಂಖ್ಯೆ ಚಿಕ್ಕದಲ್ಲ.

ಇದು ಒಬ್ಬರ ಸ್ವತ್ತಲ್ಲ ಎಂಬುದು ಎಷ್ಟು ದೊಡ್ಡ ಗುಣವೆಂಬುದು 2013ರಲ್ಲಿ ತಿಳಿಯಿತು. ಗೂಗಲ್ ಸಂಸ್ಥೆಯು 2005ರ ಅಕ್ಟೋಬರಿನಲ್ಲಿ ಒಂದು ರೀಡರನ್ನು ಉಚಿತವಾಗಿ ತೆರೆದಿತ್ತು. ಅದು ಬಹಳ ಚೆನ್ನಾಗಿತ್ತು. ಚೆನ್ನಾಗಿದ್ದುದರಿಂದ ಜನ ಅದಕ್ಕೆ ಒಗ್ಗಿದರು. ಆದರೆ ಬಳಸುವವರು ಕಡಿಮೆಯಾಗುತ್ತಿದ್ದಾರೆಂದು ಹೇಳಿ, 2013ರ ಜುಲೈ 1ರಂದು ಅದರ ಬಾಗಿಲನ್ನು ಎಳೆಯಲಾಯಿತು. ನೆಚ್ಚಿಕೊಂಡಿದ್ದವರು ಹಲುಬಿದರು. ಆದರೆ ನಷ್ಟವಾದದ್ದು ಒಬ್ಬ ಹುಡುಗನೇ ಹೊರತು ವರ್ತನೆಯಲ್ಲ. ಓದುಗರು ತಮ್ಮ ಫೀಡುಗಳ ವಿಳಾಸಗಳನ್ನೆಲ್ಲ ಒಂದು ಕಡತವಾಗಿ ಇಳಿಸಿಕೊಂಡು ಇನ್ನೊಬ್ಬ ಹುಡುಗನ ಕೈಗೆ ಕೊಟ್ಟರು. ಆತನು ಮರುದಿನವೇ ಅದೇ ಬೀದಿಗಳನ್ನು ಸುತ್ತತೊಡಗಿದನು. ತಾಣಗಳಿಗೆ ಈ ಬದಲಾವಣೆ ತಿಳಿಯಲೂ ಬೇಕಾಗಲಿಲ್ಲ. ಒಬ್ಬ ವ್ಯಾಪಾರಿಯ ಅಂಗಳದಲ್ಲಿ ಮಾತ್ರ ಓದಬಹುದಾದ ಸುದ್ದಿಯಾಗಿದ್ದರೆ ಆ ಅಂಗಳದ ಬೇಲಿ ಮುಚ್ಚಿದ ದಿನ ಎಲ್ಲವೂ ಮುಗಿಯುತ್ತಿತ್ತು.

ಸೌಕರ್ಯ ಎಷ್ಟೇ ಚೆನ್ನಾಗಿರಲಿ, ಅದನ್ನು ಬಳಸುವ ಹದ ಬೇರೆ. ಅದು ತಿಳಿಯಬೇಕಾದರೆ ಮೈಸೂರಿನ ಒಂದು ಮನೆಯನ್ನು ನೋಡಬೇಕು. ಮನೆಯ ಯಜಮಾನರು ನಿವೃತ್ತರಾದ ಹೈಸ್ಕೂಲ್ ಮೇಷ್ಟರು. ಮಗಳು ಜಪಾನಿನ ಸೆಂಡೈ ನಗರದಲ್ಲಿ ಸಂಶೋಧನೆಯ ಕೆಲಸದಲ್ಲಿದ್ದಾಳೆ. ಜಪಾನೆಂದರೆ ಭೂಕಂಪದ ನಾಡು; ಸೆಂಡೈ ಎಂದರೆ 2011ರ ಮಾರ್ಚ್ 11ರ ಸುನಾಮಿಯ ನೆನಪು. ದೂರದರ್ಶನದಲ್ಲಿ 'ಜಪಾನ್' ಎಂಬ ಪದ ಕೇಳಿದರೆ ಸಾಕು, ಆ ಮನೆಯ ತಾಯಿ ಒಲೆಯ ಮೇಲಿನ ಹಾಲನ್ನು ಮರೆತು ಹಜಾರಕ್ಕೆ ಓಡಿಬರುತ್ತಿದ್ದರು. ಜೊತೆಗೆ ನೆಂಟರ ವಾಟ್ಸಾಪ್ ಗುಂಪು ಬೇರೆ. ಯಾವ ದೇಶದ್ದೋ ಯಾವ ವರ್ಷದ್ದೋ ಆದ ದೃಶ್ಯಗಳು 'ಈಗಷ್ಟೇ ಬಂದ ಸುದ್ದಿ' ಎಂಬ ಶಿರೋನಾಮೆಯಲ್ಲಿ ಅಲ್ಲಿಗೆ ಬರುತ್ತಿದ್ದವು.

'ಏನೂಂದ್ರೆ, ಇಷ್ಟೊಂದು ಓದಿದೀರಿ, ನಿಜ ಯಾವುದು ಅಂತ ತಿಳಿಯೋಕೆ ಒಂದು ದಾರಿ ಇಲ್ವೇ?' ಎಂದು ಆಕೆ ಒಂದು ದಿನ ಕೇಳಿದರು. ಮೇಷ್ಟರು ಉತ್ತರ ಹೇಳದೆ ಮೊಮ್ಮಗಳ ಮುಖ ನೋಡಿದರು. ಕಾಲೇಜಿಗೆ ಹೋಗುವ ಆ ಹುಡುಗಿ, 'ಅಷ್ಟೇ ತಾನೆ ತಾತ? ಫೀಡ್ ಹಾಕಿಕೊಡ್ತೀನಿ' ಎಂದಳು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಜಗತ್ತಿನ ಭೂಕಂಪಗಳ ಫೀಡುಗಳನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ಕಳೆದ ಗಂಟೆಯವು, ಕಳೆದ ದಿನದವು, ವಾರದವು, ತಿಂಗಳಿನವು ಎಂದು ಕಾಲದ ವಿಂಗಡಣೆ. ಎಲ್ಲ ಕಂಪನಗಳೂ, 2.5ಕ್ಕೆ ಮೇಲ್ಪಟ್ಟವು, 4.5ಕ್ಕೆ ಮೇಲ್ಪಟ್ಟವು, ಗಮನಾರ್ಹವಾದವು ಎಂದು ತೀವ್ರತೆಯ ವಿಂಗಡಣೆ. ಮೊಮ್ಮಗಳು 4.5ರ ಪಟ್ಟಿಯನ್ನು ಆರಿಸಿ ಮೇಷ್ಟರ ಫೋನಿಗೆ ಹಾಕಿದಳು.

ಒಂದು ವಾರದೊಳಗೆ ಮನೆಯ ನೆಮ್ಮದಿ ಮೊದಲಿಗಿಂತ ಕೆಟ್ಟಿತು. ಭೂಮಿ ತಾಯಿ ಇಷ್ಟು ಚಂಚಲೆ ಎಂಬುದು ಆ ದಂಪತಿಗಳಿಗೆ ಗೊತ್ತಿರಲಿಲ್ಲ. ಇಂಡೊನೇಷ್ಯಾದಲ್ಲಿ ಒಂದು, ಚಿಲಿಯಲ್ಲಿ ಒಂದು, ಫಿಜಿಯ ದಕ್ಷಿಣಕ್ಕೆ ಸಮುದ್ರದ ಆಳದಲ್ಲಿ ಎರಡು, ಹೀಗೆ ದಿನವೂ ಹತ್ತಾರು. 'ಪ್ರಪಂಚವೇ ಅಲ್ಲಾಡ್ತಾ ಇದೆಯಲ್ಲಾಂದ್ರೆ! ಮಗು ಅಲ್ಲಿ ಹೇಗೆ ನಿದ್ದೆ ಮಾಡತ್ತೆ?' ಎಂದು ತಾಯಿಯ ಕಳವಳ. ಸುಳ್ಳುಸುದ್ದಿಯಿಂದ ಹುಟ್ಟುತ್ತಿದ್ದ ಭಯ ಈಗ ನಿಜಸುದ್ದಿಯಿಂದ ಹುಟ್ಟತೊಡಗಿತು. ಭಯಕ್ಕೆ ಸುಳ್ಳೇ ಬೇಕೆಂದೇನೂ ಇಲ್ಲ. ಬೇಡದ ನಿಜವೂ ಸಾಕು.

ಮೇಷ್ಟರು ಮೂವತ್ತು ವರ್ಷ ವ್ಯಾಕರಣ ಹೇಳಿದವರು. ವಿಶೇಷಣವನ್ನು ಎಲ್ಲಿ ಬಿಡಬೇಕೆಂಬುದು ತಿಳಿಯದವನು ವಾಕ್ಯ ಕಟ್ಟಲಾರನೆಂದು ಮಕ್ಕಳಿಗೆ ಹೇಳುತ್ತಿದ್ದವರು. ಒಂದು ಸಂಜೆ ಮೊಮ್ಮಗಳನ್ನು ಕೂರಿಸಿಕೊಂಡು, 'ಮಗೂ, ಅಜ್ಜಿಗೆ ಬೇಕಾಗಿರೋದು ಭೂಕಂಪದ ಸುದ್ದಿ ಅಲ್ಲ, ಅತ್ತೆಯ ಕ್ಷೇಮದ ಸುದ್ದಿ. ಅದಕ್ಕೆ ಎಷ್ಟು ಬೇಕೋ ಅಷ್ಟು ಇಡು' ಎಂದರು. ದಿನದ ಪಟ್ಟಿ ಹೋಗಿ 'ಗಮನಾರ್ಹ' ಎಂಬ ಚಿಕ್ಕ ಪಟ್ಟಿ ಬಂತು. ಜೊತೆಗೆ ಪೆಸಿಫಿಕ್ ಸುನಾಮಿ ಎಚ್ಚರಿಕೆ ಕೇಂದ್ರದ ಫೀಡೊಂದು ಸೇರಿತು. ಮಿಕ್ಕ ಭೂಕಂಪಗಳನ್ನು ಆ ಮನೆ ಅವುಗಳ ಪಾಡಿಗೆ ಬಿಟ್ಟಿತು.

2025ರ ಜುಲೈ 30ರಂದು, ಭಾರತದಲ್ಲಿ ಬೆಳಗಿನ ಐದು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ರಷ್ಯದ ಕಮ್ಚಾಟ್ಕಾ ತೀರದ ಬಳಿ ಭೂಮಿ ನಡುಗಿತು. ಮೊದಲು 8.0 ಎಂದು ಅಂದಾಜಾಗಿದ್ದ ತೀವ್ರತೆ ಲೆಕ್ಕ ಮತ್ತೆ ಮತ್ತೆ ತಿದ್ದುಪಡಿಯಾದಂತೆ 8.8ಕ್ಕೆ ಏರಿತು. ಜಪಾನಿನ ಪೆಸಿಫಿಕ್ ಕರಾವಳಿಯುದ್ದಕ್ಕೂ ಸುನಾಮಿಯ ಎಚ್ಚರಿಕೆ ಹೊರಟಿತು. ಅಲೆಗಳು ಮೂರು ಮೀಟರಿನವರೆಗೆ ಏಳಬಹುದೆಂದು ಅಲ್ಲಿನ ಹವಾಮಾನ ಇಲಾಖೆ ಹೇಳಿತು. ಮೈಸೂರಿನ ಆ ಮನೆಯಲ್ಲಿ ರಂಗೋಲಿ ಹಾಕಿ ಒಳಬಂದ ತಾಯಿಗೆ ನೆಂಟರ ಗುಂಪಿನಲ್ಲಿ ಮೊದಲು ಕಂಡದ್ದು ಕೊಚ್ಚಿಹೋಗುತ್ತಿರುವ ಮನೆಗಳ ದೃಶ್ಯ. ಕೈಯಲ್ಲಿದ್ದ ರಂಗೋಲಿಯ ಬಟ್ಟಲು ಕೆಳಗೆ ಬಿತ್ತು.

ಮೇಷ್ಟರು ಕನ್ನಡಕ ಹಾಕಿಕೊಂಡು ತಮ್ಮ ವರ್ತನೆಯ ಸುದ್ದಿಯನ್ನು ತೆರೆದರು. ಭೂಮಿ ನಡುಗಿದ್ದು ಕಮ್ಚಾಟ್ಕಾದಲ್ಲಿ, ಸೆಂಡೈಯಲ್ಲಿ ಅಲ್ಲ. ಸುನಾಮಿಯ ಎಚ್ಚರಿಕೆ ಇರುವುದು ನಿಜ. ಅಲೆ ಸೆಂಡೈ ಕಡೆಯ ದಡವನ್ನು ಮುಟ್ಟಲು ಇನ್ನೂ ಸಮಯವಿದೆ. ಗುಂಪಿನಲ್ಲಿ ಬಂದ ದೃಶ್ಯ ಅಂದಿನದಾಗಿರಲು ಸಾಧ್ಯವೇ ಇಲ್ಲ, ಅದು 2011ರದು. 'ಹೆದರಬೇಡ ಕಣೇ. ಹೆದರೋದಕ್ಕೆ ಕಾರಣ ಇದ್ದರೆ ನಾನೇ ಹೇಳ್ತೀನಿ' ಎಂದು ಹೇಳಿ ಮಗಳಿಗೆ ಕರೆಮಾಡಿದರು. ಆಕೆಯ ಫೋನಿಗೆ ಅಲ್ಲಿನ ಸರ್ಕಾರದ ಎಚ್ಚರಿಕೆ ಅಷ್ಟರಲ್ಲಾಗಲೇ ಬಂದಿತ್ತು. ಅವಳಿದ್ದ ಮನೆ ಸಮುದ್ರದಿಂದ ದೂರ, ಎತ್ತರದಲ್ಲಿತ್ತು. ಅಂದು ಜಪಾನಿನ ತೀರವನ್ನು ಮುಟ್ಟಿದ ಅಲೆಗಳು ಹೆದರಿದ್ದ ಎತ್ತರಕ್ಕೆ ಏಳಲಿಲ್ಲ. ಸಂಜೆಯವರೆಗೂ ಆ ಮನೆಯವರು ಕಾತರರಾಗಿಯೇ ಇದ್ದರು. ಆದರೆ ಆ ಕಾತರ ನಡೆದ ಸಂಗತಿಗೆ ತಕ್ಕಷ್ಟಿತ್ತು. ಆದದ್ದಕ್ಕೆ ಆದಷ್ಟೇ ಅಂಜುವುದು ಈಗಿನ ಕಾಲದಲ್ಲಿ ಸಾಮಾನ್ಯವಾದ ಸಾಧನೆಯಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಫೀಡು ಪ್ರಾಣ ಉಳಿಸುವ ಗಂಟೆಯಲ್ಲ. ಬೀದಿ ಸುತ್ತುವ ಹುಡುಗನು ಮತ್ತೆ ಅಂಗಡಿಯ ಮುಂದೆ ಹಾಯುವವರೆಗೆ ಹೊಸ ಸುದ್ದಿ ಹಲಗೆಯ ಮೇಲೆಯೇ ಇರುತ್ತದೆ. ಅಪಾಯವು ಅಷ್ಟು ಹೊತ್ತು ಕಾಯುವುದಿಲ್ಲ. ಅಪಾಯದ ಜಾಗದಲ್ಲಿರುವವರಿಗೆ ಸರ್ಕಾರವೇ ಮೊಬೈಲ್ ಗೋಪುರಗಳ ಮೂಲಕ ನೇರವಾಗಿ ಕಳುಹಿಸುವ ಎಚ್ಚರಿಕೆಗಳೇ ಗತಿ. ಭಾರತದಲ್ಲಿಯೂ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ವ್ಯವಸ್ಥೆ ಇದಕ್ಕಾಗಿಯೇ ಇದೆ. ಅದು ತನ್ನ ಎಚ್ಚರಿಕೆಗಳನ್ನು ಫೀಡಾಗಿಯೂ ಹೊರಡಿಸುತ್ತದೆಂಬುದು ಸಂತೋಷದ ವಿಷಯ. ಆದರೆ ಗುಡುಗು ಸಿಡಿಲಿನ ಹೊತ್ತಿನಲ್ಲಿ ಫೀಡನ್ನು ನಂಬಿ ಮರದಡಿ ನಿಲ್ಲುವುದು ಜಾಣತನವಲ್ಲ. ದೂರದಲ್ಲಿರುವವರಿಗೆ, ನಿಧಾನವಾಗಿ ತಿಳಿಯಬೇಕಾದವರಿಗೆ, ನಿಜವನ್ನು ಮೂಲದಿಂದಲೇ ಕೇಳಬೇಕೆನ್ನುವವರಿಗೆ ಅದು ಸರಿಯಾದ ಸಾಧನ.

ಅಂಥ ನಿಧಾನದ ಸುದ್ದಿಗಳಿಗೇನು ಕೊರತೆ? ರಿಸರ್ವ್ ಬ್ಯಾಂಕಿನ ಪ್ರಕಟಣೆಗಳಿಗೆ ಫೀಡ್ ಉಂಟು; ಠೇವಣಿಯ ಬಡ್ಡಿಯನ್ನು ನಂಬಿ ಬದುಕುವವರು ಗಾಳಿಮಾತಿಗೆ ಕಿವಿಗೊಡಬೇಕಾಗಿಲ್ಲ. ವಿಜ್ಞಾನದ ಹೊಸ ಲೇಖನಗಳಿಗೆ ವಿಷಯವಾರು ಫೀಡುಗಳುಂಟು. ಕನ್ನಡ ವಿಕಿಪೀಡಿಯದ ಒಂದೊಂದು ಪುಟದ ಇತಿಹಾಸಕ್ಕೂ ಒಂದೊಂದು ಫೀಡ್ ಉಂಟು. ತನ್ನ ಊರಿನ ದೇವಾಲಯದ ಬಗ್ಗೆಯೋ ತಾನು ಮೆಚ್ಚಿದ ಕವಿಯ ಬಗ್ಗೆಯೋ ಇರುವ ಪುಟವನ್ನು ಯಾರಾದರೂ ತಿದ್ದಿದರೆ ಒಡನೆಯೇ ತಿಳಿಯಬಹುದು, ತಪ್ಪು ತಿದ್ದಿದ್ದರೆ ಸರಿಪಡಿಸಬಹುದು. ಒಂದು ಪದವನ್ನೇ ಕೊಟ್ಟು, ಆ ಪದ ಕಂಡಲ್ಲೆಲ್ಲ ತಿಳಿಸೆಂದು ಗೂಗಲ್ ಅಲರ್ಟ್ಸ್‌ಗೆ ಹೇಳಿಡುವ ಪದ್ಧತಿಯೂ 2003ರಿಂದ ನಡೆದಿದೆ. ರೊಮೈಕೆಯ ಕತ್ತರಿ ಈಗ ಎಲ್ಲರ ಕೈಗೂ ಬಂದಂತಾಯಿತು.

ಕತ್ತರಿ ಕೈಗೆ ಬಂದವನಿಗೆ ಎರಡು ಚಾಳಿಗಳು ಅಂಟಿಕೊಳ್ಳುವುದುಂಟು. ಮೊದಲನೆಯದು ಲೋಭ. ಉಚಿತವಾಗಿ ಬರುತ್ತದೆಂದು ನೂರು ಫೀಡುಗಳನ್ನು ಸೇರಿಸಿ, ಓದದ ಸುದ್ದಿಯ ಲೆಕ್ಕ ಬೆಳೆಯುವುದನ್ನು ನೋಡಿ ಕೊರಗುವುದು. ಮುಚ್ಚಿಹೋದ ಗೂಗಲ್ ರೀಡರಿನಲ್ಲಿ ಈ ಲೆಕ್ಕ ಸಾವಿರವನ್ನು ದಾಟಿದರೆ ಯಂತ್ರವೇ ಎಣಿಸುವುದನ್ನು ಬಿಟ್ಟು 'ಸಾವಿರಕ್ಕೂ ಹೆಚ್ಚು' ಎಂದು ತೋರಿಸುತ್ತಿತ್ತು. ಓದದ ಸುದ್ದಿ ತೀರಿಸಬೇಕಾದ ಸಾಲವಲ್ಲ. ವರ್ತನೆಯ ಹೂವು ಮುಡಿಯದೆ ಬಾಡಿದರೆ ಮರುದಿನ ಯಾರೂ ಎರಡು ದಿನದ ಹೂವನ್ನು ಒಟ್ಟಿಗೆ ಮುಡಿಯುವುದಿಲ್ಲ. ಹೆಚ್ಚೆನಿಸಿದರೆ ಮೊಳ ಕಡಿಮೆ ಮಾಡಬೇಕು, ಅಷ್ಟೆ.

ಎರಡನೆಯ ಚಾಳಿ ಇನ್ನೂ ಸೂಕ್ಷ್ಮವಾದದ್ದು. ಬೇಕಾದದ್ದನ್ನೇ ತರಿಸಿಕೊಳ್ಳುತ್ತ ಹೋದವನಿಗೆ ಬೇಕೆಂದು ತಿಳಿಯದಿದ್ದುದು ಎಂದೂ ಬರುವುದಿಲ್ಲ. ಹಾಲು, ಹೂವುಗಳ ವರ್ತನೆ ಇರುವ ಮನೆಯವರೂ ಬೀದಿಯಲ್ಲಿ 'ಹಲಸಿನ ಹಣ್ಣೂ' ಎಂಬ ಕೂಗು ಕೇಳಿದರೆ ಬಾಗಿಲಿಗೆ ಬರುತ್ತಾರೆ. ನಿಧನವಾರ್ತೆಯ ಪಾಲು ಪಡೆದವರು ಪಕ್ಕದ ಹಾಳೆಯನ್ನು ಇಣುಕಿ ನೋಡುತ್ತಿದ್ದುದೂ ಇದಕ್ಕಾಗಿಯೇ. ತನ್ನ ಅಭಿಪ್ರಾಯಕ್ಕೆ ಒಪ್ಪುವ ಹತ್ತು ಫೀಡುಗಳನ್ನು ಇಟ್ಟುಕೊಂಡವನು ಒಪ್ಪದ ಒಂದನ್ನಾದರೂ ಇಟ್ಟುಕೊಳ್ಳುವುದು ಆರೋಗ್ಯಕರ. ಇಲ್ಲವಾದರೆ, ಬುಡುಬುಡಿಕೆಯವನನ್ನು ಹೊರಗಟ್ಟಿ ಬಾಗಿಲು ಹಾಕಿಕೊಂಡವನು ತನಗೆ ತಾನೇ ಬುಡುಬುಡಿಕೆ ಆಡಿಸಿಕೊಂಡಂತೆ ಆಗುತ್ತದೆ.

ಆದುದರಿಂದ ಈ ಸಾಧನದ ಸಾರವಿರುವುದು ಅದರ ಆವರಣಗಳಲ್ಲಾಗಲಿ ಆವೃತ್ತಿಗಳಲ್ಲಾಗಲಿ ಅಲ್ಲ. ಓದುಗನು ಬರೆದುಕೊಂಡ ಪಟ್ಟಿಯಲ್ಲಿ. ಆ ಪಟ್ಟಿಯನ್ನು ಬರೆಯಬೇಕಾದರೆ ಯಾರ ವಿಷಯದಲ್ಲಿ ತನಗೆ ಕಾಳಜಿ, ಯಾವುದರಲ್ಲಿ ಬರಿಯ ಕುತೂಹಲ, ಯಾವುದು ತನ್ನ ಮನೆಗೆ ಸಂಬಂಧಿಸಿದ್ದು, ಯಾವುದು ಸಂಬಂಧಿಸದೆಯೂ ತಿಳಿಯತಕ್ಕದ್ದು ಎಂದು ಒಂದು ಸಲವಾದರೂ ಕುಳಿತು ಯೋಚಿಸಬೇಕಾಗುತ್ತದೆ. ಫೋನಿನ ಯಂತ್ರವು ಆ ಯೋಚನೆಯ ಶ್ರಮವನ್ನು ತಾನು ತಪ್ಪಿಸುತ್ತೇನೆಂದು ಹೇಳುತ್ತದೆ. ಫೀಡು ಆ ಶ್ರಮವನ್ನು ಓದುಗನಿಗೇ ಬಿಡುತ್ತದೆ. ಪಟ್ಟಿ ಚಿಕ್ಕದಿರಬಹುದು, ಅದರಲ್ಲಿ ಐದೇ ಸಾಲುಗಳಿರಬಹುದು. ಆದರೆ ಒಂದು ಸಾಲನ್ನು ಸೇರಿಸುವ ಕೈಯೂ, ನಾಳೆ ಅದನ್ನು ಹೊಡೆದುಹಾಕುವ ಕೈಯೂ ಮನೆಯವರದೇ ಆಗಿರುತ್ತದೆ.